ಕತ್ತಲಾಗದ ಸಂಜೆಯ ‘ರಕಸ್ತವ’: ಹಾಡುವವರಿಗೆ ಕೆಲವು ಮಾತು

ಫಿನ್ಲೆಂಡಿನ ಬೇಸಿಗೆಯ ರಾತ್ರಿಯನ್ನು ವೃಂದಗಾನದಲ್ಲಿ ಕೇಳಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಅಲ್ಲಿನ ಸಂಯೋಜಕ ಜೀನ್ ಸಿಬೆಲಿಯಸ್ ಅವರ ‘ರಕಸ್ತವ’ವನ್ನು, ಅಂದರೆ ‘ಪ್ರೇಮಿ’ಯನ್ನು. ಅದರ ಸಾಹಿತ್ಯದಲ್ಲಿ ಬೇಸಿಗೆಯ ಮಾತೂ ಇಲ್ಲ, ರಾತ್ರಿಯ ಮಾತೂ ಇಲ್ಲ. ಹೂಬಿಟ್ಟ ಕಾಡು, ತೋಪು, ಬಂಡೆ ಮತ್ತು ಒಂದು ‘ಶುಭ ಸಂಜೆ’ ಇವೆ, ಅಷ್ಟೇ. ಆದರೆ ಜೂನ್ ಕೊನೆಯ ಹೆಲ್ಸಿಂಕಿಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹನ್ನೊಂದರ ಸುಮಾರಿಗೆ, ಮತ್ತೆ ಹುಟ್ಟುವುದು ನಾಲ್ಕರ ಹೊತ್ತಿಗೆ. ಅಲ್ಲಿನವರಿಗೆ ಆ ಸಂಜೆಯ ಬೆಳಕನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಎಲಿಯಾಸ್ ಲೊನ್‌ರೋಟ್ 1840ರಲ್ಲಿ ಹೊರತಂದ ‘ಕಂತೆಲೆತರ್’ ಎಂಬ ಜನಪದ ಗೀತೆಗಳ ಸಂಗ್ರಹದಿಂದ ಸಾಲುಗಳನ್ನು ಆಯ್ದು, ಹೆಲ್ಸಿಂಕಿಯ ವಿದ್ಯಾರ್ಥಿ ಗಾಯಕವೃಂದವೊಂದು ಏರ್ಪಡಿಸಿದ್ದ 1894ರ ಸ್ಪರ್ಧೆಗಾಗಿ ಸಿಬೆಲಿಯಸ್ ಇದನ್ನು ಪುರುಷರ ದನಿಗಳಿಗೆ ರಚಿಸಿದರು. ಬಂದದ್ದು ಎರಡನೆಯ ಬಹುಮಾನ. ಗಾಯಕರಿಗೆ ಕಷ್ಟವಾದೀತೆಂದು ಮೊದಲ ಪ್ರದರ್ಶನಕ್ಕೆ ತಂತಿವಾದ್ಯಗಳ ಆಸರೆಯನ್ನೂ ಕೊಡಬೇಕಾಯಿತು. ಇಂದಿಗೂ ಇದನ್ನು ಕೈಗೆತ್ತಿಕೊಂಡವರಿಗೆ ಆ ಎಚ್ಚರಿಕೆ ಅರ್ಥವಾಗುತ್ತದೆ.

ಕೃತಿಯ ಜೀವ ನಡುವಿನ ಭಾಗದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಲ್ಲೆ ಈ ದಾರಿಯಲ್ಲಿ ಹೋಗಿದ್ದಾಳೆ, ಈ ಕಲ್ಲಿನ ಮೇಲೆ ಕುಳಿತಿದ್ದಾಳೆ, ಆದ್ದರಿಂದ ಕಲ್ಲು ಹೆಚ್ಚು ಹೊಳೆಯುತ್ತಿದೆ, ಬಯಲು ಎರಡು ಪಟ್ಟು ಚೆಲುವಾಗಿದೆ, ತೋಪು ಐದು ಪಟ್ಟು ಹಿತವಾಗಿದೆ, ದಟ್ಟ ಕಾಡು ಆರು ಪಟ್ಟು ಹೂವೇರಿದೆ ಎಂದು ಪ್ರೇಮಿ ಲೆಕ್ಕ ಹಾಕುತ್ತಾ ಹೋಗುತ್ತಾನೆ. ನಲ್ಲೆ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಕಲಿಯುವವರು ಇಲ್ಲಿ ಮೃದುವಾಗಿ ಹಾಡಿ ಎಂದೊಡನೆ ನಿಧಾನವಾಗಿಬಿಡುತ್ತಾರೆ, ಶ್ರುತಿಯೂ ಮೆಲ್ಲನೆ ಇಳಿಯುತ್ತದೆ. ದನಿ ತಗ್ಗಲಿ, ನಡೆ ತಗ್ಗಬಾರದು; ಇದು ಹೆಜ್ಜೆಗುರುತು ಹುಡುಕಿಕೊಂಡು ಹೊರಟವನ ಹಾಡು.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಫಿನ್ನಿಷ್‌ನಲ್ಲಿಯೂ ಹ್ರಸ್ವ-ದೀರ್ಘಗಳು ಮತ್ತು ದ್ವಿತ್ವಗಳು ಅರ್ಥವನ್ನೇ ಬದಲಿಸುತ್ತವೆ, ಹಾಗಾಗಿ ಸಂಜೆ ಎಂಬರ್ಥದ ‘ಇಲ್ತಾ’ದ ಕೊನೆಯ ದೀರ್ಘವನ್ನು ನಮ್ಮವರು ನುಂಗಿಹಾಕುವುದಿಲ್ಲ. ಒತ್ತು ಬೀಳುವುದು ಸದಾ ಪದದ ಮೊದಲ ಅಕ್ಷರದ ಮೇಲೆ. ಸಾಲಿನೊಳಗಿನ ಪದಗಳು ಒಂದೇ ಅಕ್ಷರದಿಂದ ಶುರುವಾಗುವುದು ಆ ಕಾವ್ಯದ ರೀತಿ. ‘ಕೊರ್ಪಿ ಕೂತ್ತ ಕುಕ್ಕಹಂಪಿ’ (ಆರು ಪಟ್ಟು ಹೂವೇರಿದ ಕಾಡು) ಎಂಬಲ್ಲಿ ಮೂರೂ ‘ಕ’ಕಾರಗಳು ಹಗುರವಾಗಿ, ಆದರೆ ಸ್ಪಷ್ಟವಾಗಿ ಕೇಳಿಸಬೇಕು.

ಕೊನೆಯ ಭಾಗದಲ್ಲಿ ಒಂಟಿ ದನಿಯೊಂದು ‘ನನ್ನ ಪುಟ್ಟ ಹಕ್ಕಿಯೇ’ ಎಂದು ಕರೆದು, ಕುಣಿ, ನಿಲ್ಲು, ಕೈ ಕೊಡು, ಕೊರಳು ತಬ್ಬು, ಮುತ್ತು ಕೊಡು ಎನ್ನುತ್ತಾ, ಕೊನೆಗೆ ‘ಹೋಗಿ ಬರುತ್ತೇನೆ’ ಎನ್ನುತ್ತದೆ. ಸಂಜೆಯ ಭೇಟಿಯೆಲ್ಲ ಕೆಲವೇ ಕ್ಷಣಗಳಲ್ಲಿ ಮುಗಿಯುವುದರಿಂದ ಪ್ರತಿ ಕೋರಿಕೆಯ ಮುಂದೆಯೂ ನಿಂತು ರಸ ಹಿಂಡಬಾರದು. ಇನ್ನೊಂದು ಮಾತು: ಸಿಬೆಲಿಯಸ್ ಇದನ್ನೇ 1898ರಲ್ಲಿ ಗಂಡು-ಹೆಣ್ಣು ದನಿಗಳ ಮಿಶ್ರವೃಂದಕ್ಕೂ, 1911-12ರಲ್ಲಿ ತಂತಿವಾದ್ಯ, ಟಿಂಪನಿ ಎಂಬ ನಗಾರಿ, ತ್ರಿಕೋನ ಎಂಬ ಲೋಹವಾದ್ಯಗಳಿಗೂ ಮತ್ತೆ ಬರೆದರು. ಆ ವಾದ್ಯರೂಪದ ಧ್ವನಿಮುದ್ರಿಕೆ ಕೇಳಿ ಗಾಯಕರು ಕಾಲಪ್ರಮಾಣ ಗೊತ್ತುಮಾಡಿಕೊಳ್ಳುವುದು ಸರಿಯಲ್ಲ, ಏಕೆಂದರೆ ಪಿಟೀಲಿನ ಕಮಾನು ಉಸಿರಿಗಾಗಿ ನಿಲ್ಲಬೇಕಾಗಿಲ್ಲ.