ಕರಾವಳಿಯ ಹಿತ್ತಿಲಿಗೆ ಬಾವಿಯೇ ಪಂಚಾಂಗ

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಎಲೆಗಳ ಫೋಟೊ ಬರಲು ಶುರುವಾಗುತ್ತದೆ. ಹೋದ ವರ್ಷ ಉದ್ಯಾವರ ಹೊಳೆಯ ಬದಿಯ ಅಕ್ಕ ಒಬ್ಬರು ಬೀನ್ಸ್ ಗಿಡದ ನಾಲ್ಕು ಫೋಟೊ ಕಳಿಸಿದ್ದರು. "ಇದೆಂತ ರೋಗ ಅಂತ ಒಮ್ಮೆ ನೋಡಿ ಮಾರಾಯ್ರೆ, ಎರಡು ಸಲ ಮದ್ದು ಬಿಟ್ಟಾಯ್ತು" ಎಂದರು.

ಹೋಗಿ ನೋಡಿದೆ. ಬುಡದ ಹಳೇ ಎಲೆಗಳ ಅಂಚು ಮಾತ್ರ ಕಂದಾಗಿ, ಬೆಂಕಿಗೆ ಹಿಡಿದ ಕಾಗದದ ಹಾಗೆ ಒಳಕ್ಕೆ ಸುರುಟಿಕೊಂಡಿತ್ತು. ತುದಿಯ ಚಿಗುರು ಹಸಿರಾಗಿಯೇ ಇತ್ತು. ಎಲೆ ಮಗುಚಿದರೆ ಹುಳ ಇಲ್ಲ, ಹೇನಿಲ್ಲ, ಚುಕ್ಕೆಯೂ ಇಲ್ಲ. ಬಾವಿಯಿಂದ ಒಂದು ಕೊಡಪಾನ ನೀರು ಸೇದಿಸಿ ಕುಡಿದು ನೋಡಿದೆ. ಸ್ವಲ್ಪ ದಪ್ಪ ನೀರು ಅನ್ನಿಸಿತು, ಉಪ್ಪು ಎನ್ನುವಷ್ಟಿಲ್ಲ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಕಿಸೆಯಲ್ಲಿತ್ತು, ಅದ್ದಿದರೆ ಲೀಟರಿಗೆ 1100 ಮಿಲಿಗ್ರಾಂ ತೋರಿಸಿತು. ರೋಗ ಅಲ್ಲ, ಬಾವಿನೀರಿನ ಉಪ್ಪು. ಬಿಟ್ಟ ಮದ್ದೆಲ್ಲ ದಂಡ.

ಬೀಜದ ಪೊಟ್ಟಣದ ಹಿಂದೆ "ಚಳಿ ಕಳೆದ ಮೇಲೆ ಬಿತ್ತಿ" ಎಂದಿರುತ್ತದೆ. ನಮ್ಮಲ್ಲಿ ಕಳೆಯಲು ಚಳಿ ಎಲ್ಲಿದೆ? ಕಾರವಾರದಿಂದ ತಲಪಾಡಿಯವರೆಗೆ ವಸಂತ ಎಂದರೆ ಬಾವಿಯ ನೀರು ಇಳಿಯುವ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿದ ಸಿಹಿನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಹೊಳೆಯ ಹರಿವು ಕಡಿಮೆಯಾದ ಹಾಗೆ ಕಡಲ ಭರತದ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೆ ಏರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಅದನ್ನು ತಡೆಯಲಿಕ್ಕೇ. ಬಾವಿಗೆ ಪಂಪು ಇಟ್ಟು ಒಂದೇ ಸಮನೆ ಎಳೆದರೆ ಅಡಿಯ ಉಪ್ಪುನೀರು ಎದ್ದು ಬರುತ್ತದೆ. ಅದೇ ಬಾವಿಯಲ್ಲಿ ಬೆಳಿಗ್ಗೆ ಸೇದಿದ ಮೊದಲ ಕೊಡದ ನೀರು ಎಷ್ಟೋ ವಾಸಿ. ಹಾಗಾಗಿ ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ಬಾವಿಗೆ ಬಿಡುವು ಕೊಡಿ.

ಟಿಡಿಎಸ್ ಮೀಟರ್ ಎಂದರೆ ಕುಡಿಯುವ ನೀರಿನ ಫಿಲ್ಟರ್ ಹಾಕಲು ಬರುವವರು ಅದ್ದಿ ತೋರಿಸುವ ಆ ಪೆನ್ನು. ಒಂದು ತೆಗೆದಿಟ್ಟುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಅದ್ದಿ ಕ್ಯಾಲೆಂಡರಿನಲ್ಲಿ ಬರೆದಿಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಲೆಕ್ಕದಲ್ಲಿ 450ರ ಒಳಗಿದ್ದರೆ ಯಾವ ಬೆಳೆಗೂ ತೊಂದರೆ ಇಲ್ಲ. 450ರಿಂದ 2000 ಇದ್ದರೆ ಬೆಳೆ ನೋಡಿ ಹಾಕಬೇಕು. 2000 ದಾಟಿದರೆ ತರಕಾರಿಯ ಆಸೆ ಆ ವರ್ಷಕ್ಕೆ ಬಿಡುವುದೇ ಒಳ್ಳೆಯದು. ಮೀಟರ್ ಇಲ್ಲದವರು ಅಡುಗೆಮನೆಯಲ್ಲಿ ಕೇಳಿ. ಬೇಳೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಬರುವುದಿಲ್ಲ ಎಂಬ ದೂರು ಹೋದ ವರ್ಷ ಯಾವಾಗ ಶುರುವಾಯಿತು? ಬಿತ್ತುವ ದಿನವನ್ನು ಆ ತಾರೀಖಿನಿಂದ ಹಿಂದಕ್ಕೆ ಎಣಿಸಿ. ಹರಿವೆಗೆ 25-30 ದಿನ ಸಾಕು. ಬೆಂಡೆ, ಅಲಸಂಡೆಯ ಮೊದಲ ಕೊಯ್ಲಿಗೆ 45-50 ದಿನ ಬೇಕು. ಮಾರ್ಚ್ ಕೊನೆಗೆ ನೀರು ಕೆಡುವ ಮನೆಯಲ್ಲಿ ಫೆಬ್ರವರಿ 20ಕ್ಕೆ ಬೆಂಡೆ ಹಾಕಿದರೆ ಹೂ ಬಿಡುವ ಹೊತ್ತಿಗೆ ಉಪ್ಪು ಬಂದಿರುತ್ತದೆ. ಅಲ್ಲಿ ಹರಿವೆ ಹಾಕಿ, ಮುಗಿಯಿತು.

ಬೀನ್ಸ್, ಕ್ಯಾರೆಟ್, ಮೂಲಂಗಿ, ಈರುಳ್ಳಿಗೆ ಉಪ್ಪೆಂದರೆ ಆಗುವುದಿಲ್ಲ. ಸೌತೆ, ಟೊಮೆಟೊ ನಡುವಿನವು. ಅಲಸಂಡೆ ಮತ್ತು ಹರಿವೆ ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಊರಿನ ಹಳಬರು ಬೀನ್ಸ್ ಬಿಟ್ಟು ಅಲಸಂಡೆ ಹಿಡಿದದ್ದು ಸುಮ್ನೆ ಅಲ್ಲ.

ನೀರು ಹಾಕುವ ರೀತಿಯಲ್ಲೂ ತಪ್ಪುತ್ತೇವೆ. ಆ ಅಕ್ಕ ಪೈಪಿನ ಬಾಯಿಗೆ ಬೆರಳಿಟ್ಟು ಎಲೆಯ ಮೇಲೆಲ್ಲ ಚಿಮುಕಿಸುತ್ತಿದ್ದರು. ನೀರು ಆರಿ ಉಪ್ಪು ಎಲೆಯಲ್ಲೇ ಉಳಿಯುತ್ತದೆ. ಬುಡಕ್ಕೆ ಮಾತ್ರ ಹಾಕಿ. ದಿನಾ ಒಂದೊಂದು ಚೊಂಬು ಹಾಕುವ ಬದಲು, ನೆಲದ ತೇವ ನೋಡಿಕೊಂಡು ಎರಡು ದಿನಕ್ಕೊಮ್ಮೆ ಚೆನ್ನಾಗಿ ನೆನೆಯುವ ಹಾಗೆ ಹಾಕಿದರೆ ಉಪ್ಪು ಬೇರಿನಿಂದ ಕೆಳಗೆ ಇಳಿದು ಹೋಗುತ್ತದೆ. ಮೇಲೆ ತರಗೆಲೆ ದಪ್ಪಕ್ಕೆ ಮುಚ್ಚಿ. ಮಧ್ಯಾಹ್ನದ ಪಡುಗಾಳಿ ಜೋರಿರುವ ಕಡೆ ಪಶ್ಚಿಮದ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ. ಫ್ಲ್ಯಾಟಿನ ಟೆರೇಸಿನಲ್ಲಿ ಬೆಳೆಸುವವರಿಗೂ ಒಂದು ಮಾತು: ತೆಂಗಿನ ನಾರಿನ ಪುಡಿಯಲ್ಲೂ ಉಪ್ಪಿರಬಹುದು. ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆದು ಹಿಂಡಿಯೇ ಚೀಲಕ್ಕೆ ತುಂಬಿ.

ಇನ್ನು ಸುಡುಮಣ್ಣು, ಎಂದರೆ ತರಗೆಲೆಯ ಜೊತೆ ಸುಟ್ಟ ಮಣ್ಣು. ಇದನ್ನು ಹಳೇ ಕಾಲದ ಪದ್ಧತಿ ಎಂದು ತಳ್ಳಿಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಮಳೆಗೆ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ತೊಳೆದು ಹೋಗಿರುತ್ತದೆ. ತರಗೆಲೆ, ಒಣ ಕಡ್ಡಿ ಹರಡಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನಕ್ಕೆ ಉರಿಯಲು ಬಿಟ್ಟರೆ ಬೂದಿ ಬೆರೆತು ಹುಳಿ ಸ್ವಲ್ಪ ತಗ್ಗುತ್ತದೆ, ಪೊಟ್ಯಾಷ್ ಸಿಗುತ್ತದೆ, ಕಳೆಬೀಜವೂ ಸಾಯುತ್ತದೆ. ಮಣ್ಣು ಕಪ್ಪಗಾದರೆ ಹದ. ಇಟ್ಟಿಗೆಯ ಹಾಗೆ ಕೆಂಪಾದರೆ ಜಾಸ್ತಿ ಬೆಂದಿದೆ ಎಂದರ್ಥ, ಅದರಲ್ಲಿ ಜೀವ ಇಲ್ಲ. ಬೆಂಕಿ ಕೊಡುವುದು ಸಂಜೆ ಗಾಳಿ ಬಿದ್ದ ಮೇಲೆ. ಈಗೀಗ ಹಾಲಿನ ಪ್ಯಾಕೆಟು, ಚಿಪ್ಸಿನ ಕವರು ಎಲ್ಲ ಅದಕ್ಕೇ ಹಾಕುತ್ತಾರೆ. ಆ ಮಣ್ಣಿನಲ್ಲಿ ಬೆಳೆದದ್ದನ್ನು ನಾವೇ ತಿನ್ನುವುದು, ಅಲ್ವಾ? ಬಾವಿ ಉಪ್ಪಾಗುವ ಮನೆಯವರು ಬೂದಿ ಹಾಕುವಾಗ ಕೈ ಬಿಗಿಹಿಡಿಯಿರಿ, ಬೂದಿಯೂ ಒಂಥರ ಉಪ್ಪೇ.

ಚಿಪ್ಪುಸುಣ್ಣ ಹಾಕುವವರು ಹಟ್ಟಿಗೊಬ್ಬರದ ಜೊತೆ ಕಲಸಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎರಡಕ್ಕೂ ನಡುವೆ ಹದಿನೈದು ದಿನ ಇರಲಿ. ಕಡಲ ಬದಿಯ ಹೊಯಿಗೆ (ಮರಳು) ನೆಲಕ್ಕೆ ಸುಣ್ಣ ಸುಮ್ಮನೆ ಬೇಡ, ಅದರಲ್ಲಿ ಚಿಪ್ಪಿನ ಚೂರು ಮೊದಲೇ ಇರುತ್ತದೆ. ಅನುಮಾನ ಇದ್ದರೆ ಬ್ರಹ್ಮಾವರದಲ್ಲೋ ಮಂಗಳೂರಿನಲ್ಲೋ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು ಪರೀಕ್ಷೆಯ ಬಗ್ಗೆ ಕೇಳಿ.

ಏಪ್ರಿಲ್ ಮಧ್ಯದಲ್ಲಿ ಬರುವ ತುಳುವರ ಹೊಸವರ್ಷದ ಬಿಸುಕಣಿಗೆ ಮನೆಯದ್ದೇ ಮಂಗಳೂರು ಸೌತೆ ಇಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಬಲಿತು ಬಣ್ಣ ತಿರುಗಿದ ಕಾಯಿ ಬೇಕಾದರೆ ಬೀಜ ಜನವರಿ ಕೊನೆಯೊಳಗೆ ಮಣ್ಣು ಸೇರಿರಬೇಕು. ಫೆಬ್ರವರಿಯಲ್ಲಿ ಹಾಕಿದರೆ ಕಣಿಗೆ ಎಳೆಕಾಯಿ ಸಿಗಬಹುದು. ಮೊದಲು ಬರುವುದೆಲ್ಲ ಗಂಡುಹೂ. ಉದುರಿತೆಂದು ಹೆದರಬೇಡಿ, ಹಿಂದೆ ಪುಟ್ಟ ಕಾಯಿ ಇರುವ ಹೆಣ್ಣುಹೂ ಆಮೇಲೆ ಬರುತ್ತದೆ.

ಕಾಯಿ ಕಟ್ಟುವಾಗ ಹಣ್ಣುನೊಣ ಬರುತ್ತದೆ. ಒಂದು ವರ್ಷ ನಾನೇ ಅವಸರದಲ್ಲಿ ಮಾವಿನ ತೋಟಕ್ಕೆ ತಂದಿದ್ದ ಬಲೆಯನ್ನು ಹೀರೆ ಚಪ್ಪರಕ್ಕೆ ಕಟ್ಟಿದೆ. ಡಬ್ಬಿ ತುಂಬ ನೊಣ ಬಿತ್ತು. ನಾಲ್ಕು ಜನಕ್ಕೆ ತೋರಿಸಿಯೂ ಬಂದೆ. ಹೀರೆ ಮಾತ್ರ ಎಲ್ಲ ಕೊಳೆಯಿತು. ಮಾವಿನ ನೊಣವೇ ಬೇರೆ, ಬಳ್ಳಿ ತರಕಾರಿಯ ನೊಣವೇ ಬೇರೆ. ನೊಣ ಸೆಳೆಯಲು ಬಲೆಯೊಳಗೆ ಇಡುವ ಮದ್ದು ಮಾವಿಗೆ ಮಿಥೈಲ್ ಯುಜಿನಾಲ್, ಬಳ್ಳಿಗೆ ಕ್ಯೂ ಲ್ಯೂರ್. ಅಂಗಡಿಯಲ್ಲಿ ಹೆಸರು ಓದಿಯೇ ತನ್ನಿ. ಐದಾರು ಬಳ್ಳಿ ಮಾತ್ರ ಇದ್ದರೆ ಬಲೆಯೂ ಬೇಡ. ಹೂ ಉದುರಿದ ಕೂಡಲೇ ಎಳೆಕಾಯಿಗೆ ಹಳೇ ಪೇಪರಿನ ಚೀಲ ಕಟ್ಟಿ. ಚುಚ್ಚಿದ ಕಾಯಿಯನ್ನು ಬುಡದಲ್ಲಿ ಎಸೆಯಬೇಡಿ, ಅದರೊಳಗಿನ ಹುಳವೇ ಮಣ್ಣಿಗಿಳಿದು ಮುಂದಿನ ನೊಣವಾಗುತ್ತದೆ.

ಬೀನ್ಸ್ ಕಿತ್ತ ಜಾಗಕ್ಕೆ ಆ ಅಕ್ಕ ಕೆಂಪು ಹರಿವೆ ಬಿತ್ತಿದರು. ಸೌತೆ ಅವರದ್ದು ಬಾವಿಕಟ್ಟೆಯ ಹತ್ತಿರ ಮೊದಲೇ ಹಬ್ಬಿತ್ತು. ಮೇ ಕೊನೆಗೆ ಹೋದಾಗ ಅಡುಗೆಮನೆಯ ಪಕಾಸಿಗೆ ಬಾಳೆನಾರಿನಲ್ಲಿ ಕಟ್ಟಿದ ಹನ್ನೊಂದು ಸೌತೆ ಸಾಲಾಗಿ ತೂಗುತ್ತಿದ್ದವು, ಒಂದಕ್ಕೊಂದು ತಾಗದ ಹಾಗೆ. "ಜೋರು ಮಳೆಯ ಆಟಿ ತಿಂಗಳಿಗೆ ಸಾಕಲ್ಲ?" ಎಂದು ಕೇಳಿದರು. ತೊಟ್ಟು ಗಟ್ಟಿ ಇದ್ದ ಒಂದನ್ನು ಬಿಚ್ಚಿ ನನ್ನ ಕೈಗಿಟ್ಟರು, ಬೀಜಕ್ಕೆ.