ಗಾಂಜಾ ಅಳೆಯೋದು ಹೇಗೆ?

‘ಕಳೆದ ತಿಂಗಳು ಎಷ್ಟು ದಿನ ಗಾಂಜಾ ಸೇದಿದಿರಿ?’ ಸಂಶೋಧಕರು ದಶಕಗಳ ಕಾಲ ಹೆಚ್ಚಾಗಿ ಕೇಳುತ್ತಾ ಬಂದದ್ದು ಇಂಥ ಪ್ರಶ್ನೆಯನ್ನೇ. ದಿನಗಳ ಲೆಕ್ಕ ಸಿಗುತ್ತಿತ್ತು, ಮೈಗೆ ಎಷ್ಟು ಸೇರಿತು ಅನ್ನೋದು ಗೊತ್ತಾಗುತ್ತಿರಲಿಲ್ಲ.

ಇದು ಹಳೇ ತೊಡಕು. 1893–94ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ಬಳಕೆಯ ವಿಚಾರಣೆಗೆ ನೇಮಿಸಿದ್ದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದು, ಮಿತವಾಗಿ ಬಳಸಿದರೆ ಹೆಚ್ಚು ಹಾನಿಯಿಲ್ಲ, ಅತಿಯಾದರೆ ಕೇಡು ಎಂದಿತು. ಆದರೆ ಅಮಲು ತರುವ ಅಂಶ ಯಾವುದು ಅಂತಲೇ ಆಗ ತಿಳಿದಿರಲಿಲ್ಲ. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಗಾವೊನಿ ಮತ್ತು ಮೆಶುಲಮ್ ಆ ಅಂಶವನ್ನು, ಅಂದರೆ ಟಿಎಚ್‌ಸಿಯನ್ನು, ಬೇರ್ಪಡಿಸಿ ತೋರಿಸಿದರು.

ಅಷ್ಟಾದರೂ ಸಮೀಕ್ಷೆಗಳು ಹಳೇ ಪ್ರಶ್ನೆಯನ್ನು ಬಿಡಲಿಲ್ಲ. ಅಷ್ಟರಲ್ಲಿ ಮಾಲೇ ಬದಲಾಗಿತ್ತು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ, 2014ಕ್ಕೆ ಶೇ 12ರಷ್ಟಾಯಿತು. ಜೊತೆಗೆ ಎಣ್ಣೆ, ಮಿಠಾಯಿ, ವೇಪ್ ಬಂದವು. ಸೇದಿದ್ದು ನಿಮಿಷಗಳಲ್ಲಿ ತಲೆಗೇರುತ್ತದೆ, ತಿಂದದ್ದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಎಲ್ಲವನ್ನೂ ‘ಒಂದು ಸಲ’ ಅಂತ ಬರೆದುಕೊಂಡರೆ ಏನು ತಿಳಿದಂತಾಯಿತು?

ಈ ಕೊರತೆ ಎಷ್ಟು ದುಬಾರಿ ಅನ್ನೋದಕ್ಕೆ ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ನೋವಿನ ಮದ್ದು ಮತ್ತು ಮಾದಕಗಳ ಪ್ರಕರಣ ನೋಡಿ. ವೈದ್ಯಕೀಯ ಗಾಂಜಾಕ್ಕೆ ಅನುಮತಿ ಕೊಟ್ಟ ಅಮೆರಿಕದ ರಾಜ್ಯಗಳಲ್ಲಿ ಓಪಿಯಾಯ್ಡ್ ಮಿತಿಮೀರಿ ಸಾಯುವವರು ಸುಮಾರು ಶೇ 25ರಷ್ಟು ಕಡಿಮೆ ಎಂದು 2014ರ ಅಧ್ಯಯನವೊಂದು ಹೇಳಿತು. ಅದು 1999ರಿಂದ 2010ರವರೆಗಿನ ಅಂಕಿ. ಅದನ್ನು ಹಿಡಿದು ಎಷ್ಟೋ ಜನ ನೀತಿ ಬದಲಿಸಲು ಹೊರಟರು. 2019ರಲ್ಲಿ ಬೇರೆ ತಂಡ ಅದೇ ವಿಧಾನವನ್ನು 2017ರವರೆಗೆ ಚಾಚಿದಾಗ ಫಲಿತಾಂಶ ತಲೆಕೆಳಗಾಯಿತು: ಸಾವು ಸುಮಾರು ಶೇ 23ರಷ್ಟು ಜಾಸ್ತಿ! ಎರಡೂ ರಾಜ್ಯಮಟ್ಟದ ಲೆಕ್ಕಗಳೇ. ಯಾವ ರೋಗಿ ಎಷ್ಟು ಗಾಂಜಾ ಬಳಸಿದ, ಜೊತೆಗೆ ನೋವಿನ ಮಾತ್ರೆ ನುಂಗಿದನಾ, ಕುಡಿದನಾ ಅನ್ನೋದು ಅವುಗಳಲ್ಲಿ ಇರಲೇ ಇಲ್ಲ.

ಮದ್ಯಕ್ಕಾದರೆ ‘ಸ್ಟ್ಯಾಂಡರ್ಡ್ ಡ್ರಿಂಕ್’ ಇದೆ. ಅಮೆರಿಕದಲ್ಲಿ 14 ಗ್ರಾಂ ಆಲ್ಕೋಹಾಲ್, ಬ್ರಿಟನ್ನಿನಲ್ಲಿ 8 ಗ್ರಾಂ. ಅದೇ ಮಾದರಿಯಲ್ಲಿ ಸಂಶೋಧಕರಾದ ಫ್ರೀಮನ್ ಮತ್ತು ಲೊರೆಂಜೆಟ್ಟಿ 5 ಮಿಲಿಗ್ರಾಂ ಟಿಎಚ್‌ಸಿಯನ್ನು ಒಂದು ಯೂನಿಟ್ ಎಂದು ಎಣಿಸುವ ಸಲಹೆ ಕೊಟ್ಟರು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆ ನೈಡಾ ಸಂಶೋಧನೆಗೆ ಅದನ್ನೇ ಒಪ್ಪಿಕೊಂಡಿತು. ಸೇದಿದ 5 ಮಿಲಿಗ್ರಾಂ, ತಿಂದ 5 ಮಿಲಿಗ್ರಾಂ ಒಂದೇ ಪರಿಣಾಮ ಕೊಡಲ್ಲ, ನಿಜ. ಆದರೂ ಬೇರೆ ಬೇರೆ ಅಧ್ಯಯನಗಳನ್ನು ಹೋಲಿಸಲು ಒಂದು ಆಧಾರವಾದರೂ ಬೇಕಲ್ವಾ? ನನ್ನ ಮಟ್ಟಿಗೆ ಇದು ತುಂಬಾ ತಡವಾಗಿ ಬಂದ ಒಳ್ಳೆಯ ಹೆಜ್ಜೆ.

ಆದರೆ ಯೂನಿಟ್ ಒಂದೇ ಸಾಲದು. ಗಾಂಜಾವನ್ನು ತಂಬಾಕಿನ ಜೊತೆ ಸುತ್ತಿ ಸೇದುವವರು ಬಹಳ. ಆಗ ಕೆಮ್ಮು ಯಾವುದರಿಂದ, ಚಟ ಯಾವುದಕ್ಕೆ? ಒಂದೇ ಹೊತ್ತಿಗೆ ಬಳಸಿದ್ದಾ, ಬೇರೆ ಬೇರೆ ದಿನವಾ ಅಂತ ಬಿಡಿಸಿ ಕೇಳಬೇಕು. ವೈದ್ಯರು ಬರೆದುಕೊಟ್ಟದ್ದಾ, ತಾವೇ ತಂದುಕೊಂಡದ್ದಾ ಅನ್ನೋದೂ ಬೇಕು.

ಭಾರತದ 2019ರ ರಾಷ್ಟ್ರೀಯ ವರದಿ ಭಂಗಿಯನ್ನೂ ಗಾಂಜಾ–ಚರಸ್ಸನ್ನೂ ಬೇರೆಯಾಗಿ ಎಣಿಸಿತು: ಭಂಗಿ ಬಳಸುವವರು ಸುಮಾರು 2.2 ಕೋಟಿ, ಗಾಂಜಾ–ಚರಸ್ ಸುಮಾರು 1.3 ಕೋಟಿ. ಈ ವಿಂಗಡಣೆ ಮೆಚ್ಚಬೇಕಾದದ್ದು. ಆದರೆ ಮನೆಯಲ್ಲಿ ಅರೆದ ಭಂಗಿಯ ಲೋಟಕ್ಕೆ ಲೇಬಲ್ ಇರಲ್ಲ. ಅದರಲ್ಲಿ ಎಷ್ಟು ಯೂನಿಟ್ ಇದೆ ಅಂತ ಕುಡಿದವರನ್ನು ಕೇಳಿ ಪ್ರಯೋಜನವಿಲ್ಲ, ಲ್ಯಾಬಿಗೇ ಕಳಿಸಬೇಕು.