ಗೆರೆ ಒಂದೇ, ಉತ್ತರ ಬೇರೆ: ಸಮೀಕರಣದ ನಕ್ಷೆ, ಅಸಮಾನತೆಯ ನಕ್ಷೆ

ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಒಬ್ಬ ರೈತರ ಕೈಯಲ್ಲಿ 1 ಲಕ್ಷ 20 ಸಾವಿರ ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಎಕರೆಗೆ ಮೆಕ್ಕೆಜೋಳಕ್ಕೆ 20 ಸಾವಿರ, ಹತ್ತಿಗೆ 30 ಸಾವಿರ ಖರ್ಚು. (ಲೆಕ್ಕ ಸಲೀಸಾಗಲಿ ಅಂತ ನಾನೇ ಹಾಕಿದ ಅಂಕಿ, ರೈತರು ಬೈಯಬೇಡಿ.) ಮೆಕ್ಕೆಜೋಳ ಮ ಎಕರೆ, ಹತ್ತಿ ಹ ಎಕರೆ ಅಂದರೆ, ದುಡ್ಡೆಲ್ಲ ಮುಗಿಯುವ ಲೆಕ್ಕ 2ಮ + 3ಹ = 12. ಇದು ರೇಖಾತ್ಮಕ ಸಮೀಕರಣ.

ಇದರ ನಕ್ಷೆ ಹತ್ತನೇ ಕ್ಲಾಸಿನಲ್ಲಿ ಬರೆದದ್ದೇ. ಹ ಸೊನ್ನೆಯಾದರೆ ಮ 6, ಮ ಸೊನ್ನೆಯಾದರೆ ಹ 4. ಮ ಅಡ್ಡಕ್ಕೆ, ಹ ಮೇಲಕ್ಕೆ ಅಳೆದು (6, 0), (0, 4) ಗುರುತಿಸಿ ಸ್ಕೇಲಿಟ್ಟು ಗೆರೆ ಎಳೆದರೆ ಮುಗಿಯಿತು. ಗೆರೆಯ ಮೇಲಿನ ಬಿಂದುಗಳಷ್ಟೇ ಉತ್ತರ.

ಆದರೆ ದುಡ್ಡೆಲ್ಲ ಖರ್ಚಾಗಲೇಬೇಕು ಅಂತೇನಿಲ್ಲ, ಮೀರಬಾರದು ಅಷ್ಟೇ ಅಲ್ವಾ? ಆಗ ಅದು 2ಮ + 3ಹ ≤ 12, ಅಂದರೆ ಅಸಮಾನತೆ. ಗೆರೆ ಅದೇ. ಉತ್ತರ ಮಾತ್ರ ಗೆರೆಯ ಒಂದು ಮಗ್ಗುಲಿನ ಇಡೀ ಜಾಗ. ಗೆರೆ ಬರೀ ಹೊಲದ ಬದು. ಬದುವೂ ಸೇರಿದರೆ (≤, ≥) ತುಂಡಾಗದ ಗೆರೆ, ಸೇರದಿದ್ದರೆ (<, >) ತುಂಡು ಗೆರೆ.

ಯಾವ ಮಗ್ಗುಲು? (0, 0) ಹಾಕಿ ನೋಡಿ. 0 ≤ 12 ನಿಜ, ಆ ಕಡೆಗೇ ಬಣ್ಣ ತುಂಬಿ. ಗೆರೆಯೇ ಮೂಲಬಿಂದುವಿನ ಮೇಲೆ ಹಾದರೆ ಬೇರೆ ಬಿಂದು ಹಿಡಿಯಿರಿ. ≤ ಕಂಡ ಕೂಡಲೇ ಸುಮ್ನೆ ಕೆಳಗಡೆ ಬಣ್ಣ ಬಳಿಯುವವರು ಜಾಸ್ತಿ. ಮ − ಹ ≤ 2 ತೆಗೆದುಕೊಳ್ಳಿ. (0, 0) ಹಾಕಿದರೆ 0 ≤ 2, ನಿಜ. ಆದರೆ ಮೂಲಬಿಂದು ಇರುವುದು ಗೆರೆಯ ಮೇಲ್ಗಡೆ! ಹ ಹಿಂದಿನ ಋಣ ಚಿಹ್ನೆಯ ಕೆಲಸ ಅದು.

ಈಗ ಜಮೀನು 5 ಎಕರೆ ಮಾತ್ರ ಅನ್ನಿ, ಅಂದರೆ ಮ + ಹ ≤ 5 ಕೂಡ ಸೇರಿತು. ಸಮೀಕರಣಗಳಾದರೆ ಎರಡು ಗೆರೆ ಕೂಡುವ (3, 2) ಒಂದೇ ಉತ್ತರ. ಅಸಮಾನತೆಗಳಲ್ಲಿ ಎರಡೂ ಬಣ್ಣ ಸೇರುವ ಜಾಗವೆಲ್ಲ ಉತ್ತರ. ಎಕರೆ ಸೊನ್ನೆಗಿಂತ ಕಡಿಮೆಯಾಗದ ಕಾರಣ ಅದು ನಾಲ್ಕು ಮೂಲೆಯ ಆಕೃತಿ: (0, 0), (5, 0), (3, 2), (0, 4). ಲಾಭ ಅತಿ ಹೆಚ್ಚಾಗುವ ಜಾಗ ಯಾವುದಾದರೂ ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಅಮೆರಿಕದ ಗಣಿತಜ್ಞ ಜಾರ್ಜ್ ಡ್ಯಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನವೂ ಮೂಲೆಯಿಂದ ಮೂಲೆಗೆ ಹೋಗಿಯೇ ಅದನ್ನು ಹುಡುಕುತ್ತದೆ. ಎಕರೆಗೆ ಮೆಕ್ಕೆಜೋಳದಲ್ಲಿ 10 ಸಾವಿರ, ಹತ್ತಿಯಲ್ಲಿ 14 ಸಾವಿರ ಉಳಿದರೆ (3, 2) ಗೆಲ್ಲುತ್ತದೆ, 58 ಸಾವಿರ. ಹತ್ತಿಯ ಲಾಭ 16 ಸಾವಿರಕ್ಕೇರಿದರೆ (0, 4): 64 ಸಾವಿರ ಕೈಗೆ, ಒಂದು ಎಕರೆ ಬೀಳು.